‘ಬರ್ತೇನಿ’ ಅಂದ ಮಾತು

ಹಿರೇಕೆರೂರಿನ ಕಡೇ ಬಸ್ಸು ಇಳಿದಾಗ ಹನ್ನೊಂದು ದಾಟಿತ್ತು. ಚಿಕ್ಕೇರೂರಿನ ಹೊಲದ ದಾರಿ. ನೀಲಾ ಮುಂದೆ, ಕರೆದೊಯ್ಯಲು ಬಂದಿದ್ದ ಚಿಕ್ಕಪ್ಪನ ಮಗ ಆನಂದ ಹಿಂದೆ. ಹಾಳುಬಾವಿ ಬಂದದ್ದೇ ಅವನ ಚಪ್ಪಲಿ ಓಟಕ್ಕೆ ತಿರುಗಿತು. ಚಟ್ ಚಟ್ ಚಟ್…

“ಬಾವಿಗೆ ಅಂಜತಿ?” ನೀಲಾ ನಕ್ಕಳು. “ಹತ್ತು ಮಾರು ನೀರಿಲ್ಲ ಅದರಾಗ. ನನ್ನ ಕಾಲಕೆಳಗ ಎರಡು ಸಾವಿರ ಮಾರು ಇತ್ತು.”

“ಮೆಲ್ಲಕ ಮಾತಾಡ ಅಕ್ಕಾ…”

ಆಕೆ ಅದೇ ಬಾವಿಕಟ್ಟೆಗೆ ಒರಗಿ ಮೆಲ್ಲಗೇ ಹೇಳಿದ್ದು ಇದು. ಆನಂದ ಇವತ್ತಿಗೂ ಇದನ್ನು ಹಗಲಲ್ಲೂ ಹೇಳಲು ಒಪ್ಪುವುದಿಲ್ಲ.

ಕಳೆದ ಚಳಿಗಾಲ ಕಾಲೇಜಿನವರು ನೀಲಾಳನ್ನು ಆರಿಸಿ ಹಾಯಿಹಡಗಿಗೆ ಕಳಿಸಿದ್ದರು. ಮೂರು ಕಂಬದ ಹಡಗು, ಕೊಚ್ಚಿಯಿಂದ ಮಸ್ಕತ್ತಿಗೆ. ನಲವತ್ತು ಹುಡುಗ ಹುಡುಗಿಯರ ‘ವ್ಯಕ್ತಿತ್ವ ವಿಕಸನ’ವಂತೆ. ವಿಕಸನ ಎರಡನೇ ದಿನವೇ ಶುರುವಾಯಿತು. ಮುಂಬೈ ಪುಣೆಯ ಮಕ್ಕಳು ಸಾಲಾಗಿ ಕಂಬಿ ಹಿಡಿದು, ಉಂಡದ್ದನ್ನೆಲ್ಲ ಸಮುದ್ರಕ್ಕೆ ಮರಳಿಸಿದರು. ಮುಖಕ್ಕೆ ಬಿಳಿ ಮುಲಾಮು, ಕೈಗೆ ಗ್ಲೌಸು. ಹಗ್ಗ ಎಳೆಯಿರೆಂದರೆ ಮೊದಲು ಸೆಲ್ಫಿ. ನೀಲಾ ಹುಣಸೆಮರ ಹತ್ತಿದಷ್ಟೇ ಸಲೀಸಾಗಿ ಹಾಯಿಕಂಬ ಹತ್ತಿದಳು. ಅದಕ್ಕೆ ಸಿಕ್ಕ ಬಿರುದು ‘ಮಂಕಿ’. ಆಮೇಲೆ ಆಕೆ ಯಾರೊಂದಿಗೂ ಮಾತಾಡಲಿಲ್ಲ. ಮಾತಿಗೆ ಯೋಗ್ಯರಾದವರು ಕಾಣಲೂ ಇಲ್ಲ.

ಆರನೇ ರಾತ್ರಿ ಆಕೆಯ ಪಾಳಿ ಒಂದರಿಂದ ಎರಡರವರೆಗೆ. ಹಡಗಿನ ಮೂತಿಯಲ್ಲಿ, ಸೊಂಟಪಟ್ಟಿಯ ಕೊಕ್ಕೆಯನ್ನು ಕಂಬಿಗೆ ಸಿಕ್ಕಿಸಿ, ಕತ್ತಲನ್ನು ಕಾಯುವ ಕೆಲಸ. ಕೆಳಗೆ ನೀರು ಸೀಳುವ ಸರ್… ಸರ್… ಮೇಲೆ ಹಗ್ಗಗಳ ಕಿರ್ರ್…

“ಯಾವೂರ ತಂಗಿ?”

ಹಾಯಿಯ ನೆರಳಿನಲ್ಲಿ ಯಾರೋ ನಿಂತಿದ್ದರು.

“ಚಿಕ್ಕೇರೂರರಿ. ನಿಮ್ದು?”

“ಹಾನಗಲ್ಲ ಕಡೆ.”

ಅಡಿಗೆಮನೆಯ ಆಳಿರಬೇಕು ಅಂದುಕೊಂಡಳು. ಆರು ದಿನದ ಮೇಲೆ ತನ್ನ ಕಡೆಯ ಮಾತು ಕಿವಿಗೆ ಬಿದ್ದಾಗ ಮುಖ ಯಾರು ನೋಡುತ್ತಾರೆ?

“ಈ ಬೆಣ್ಣಿ ಉಂಡಿಗೋಳು ಹಡಗ ನಡಸ್ತಾವನು?” ಅಂದ ಆತ.

“ಎಮ್ಮಿ ನೀರಿಗೆ ಬಿಟ್ಟರ ಇವಕ್ಕಿಂತ ಛಲೋ ಈಸ್ತಾವರಿ.”

“ಹಡಗಿನ ಸಾಹೇಬ?”

“ಗಾಳಿ ಯಾವ ದಿಕ್ಕಿಂದು ಅನ್ನಾಕ ಆತಗ ಮಷೀನ್ ಬೇಕರಿ. ನಮ್ಮವ್ವ ಒಂದು ಹಿಡಿ ಹೊಟ್ಟು ತೂರಿ ಹೇಳ್ತಾಳ.”

ಆತ ನಕ್ಕ. ಒದ್ದೆ ಗೋಣಿಚೀಲ ಎಳೆದಂಥ ಸಪ್ಪಳ.

ಟಣ್‌ಟಣ್… ಟಣ್‌ಟಣ್. ಪಾಳಿಯ ಗಂಟೆ.

“ಬರ್ತೇನ್ರಿ,” ಅಂದಳು. ಹೊರಡುವಾಗ ನಮ್ಮ ಕಡೆ ಮತ್ತೇನು ಅಂದಾರು? ಹೋಗ್ತೇನಿ ಅಂದವರು ತಿರುಗಿ ಬರುವುದಿಲ್ಲ. ಆರು ವರ್ಷದವಳಿದ್ದಾಗ ಒಮ್ಮೆ ಹಾಗಂದು ಅವ್ವನಿಂದ ಬಾಯಿಮೇಲೆ ಏಟು ತಿಂದಿದ್ದಳು.

“ಬಾ,” ಅಂದ ಆತ.

ಮೂರು ರಾತ್ರಿ ಹೀಗೇ. ಹಗಲೆಲ್ಲ ಬಾಯಿ ಬಿಗಿದುಕೊಂಡು, ರಾತ್ರಿ ಇಬ್ಬರೂ ಸೇರಿ ಇಡೀ ಹಡಗನ್ನು ಆಡಿಕೊಳ್ಳುವುದು. ಕೊನೆಗೆ, ಬರ್ತೇನ್ರಿ. ಬಾ.

ಮೂರನೇ ರಾತ್ರಿ ಹಾಸಿಗೆಯಲ್ಲಿ ಹೊಳೆಯಿತು… ‘ಹೋಗಿ ಬಾ’ ಅನ್ನಬೇಕಲ್ಲ? ಬರೀ ‘ಬಾ’ ಯಾಕೆ?

ಬೆಳಿಗ್ಗೆ ಅಡಿಗೆಯವನನ್ನು ವಿಚಾರಿಸಿದಳು. ಹಡಗಿನಲ್ಲಿ ಕನ್ನಡದವಳು ಆಕೆಯೊಬ್ಬಳೇ. ಪಾಳಿ ಬದಲಿಸಿ ಎಂದು ಸಾಹೇಬನನ್ನು ಕೇಳಿದಳು. “ಮಂಕಿಗೂ ಹೆದರಿಕೆಯೇ?” ಅಂದ. ಊಟದ ಮೇಜಿಗೆ ಮೇಜೇ ನಕ್ಕಿತು. ಇಂಥವರ ಮುಂದೆ ನಗೆಪಾಟಲಾಗುವುದಕ್ಕಿಂತ ಸಾಯುವುದು ವಾಸಿ ಎಂದು ನೀಲಾ ರಾತ್ರಿ ಮತ್ತೆ ಮೂತಿಗೆ ಹೋದಳು.

ಆತ ಕಂಬಿಯ ಆಚೆ ನಿಂತಿದ್ದ. ಅಲ್ಲಿ ನಿಲ್ಲಲು ಏನೂ ಇಲ್ಲ.

“ಮೂರು ಸಲ ಬರ್ತೇನಿ ಅಂದಿ,” ಪಿಸುಗುಟ್ಟಿದ. “ಬಾ.”

“ಅದು… ಮಾತಿಗೆ ಅನ್ನೂದರಿ.”

“ನೀನೂ ಇವರಂಗನ? ಬರೇ ಬಾಯಿ?”

ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಟಕ್… ಕೊಕ್ಕೆ ಬಿಚ್ಚಿದ ಸಪ್ಪಳ. ಬಿಚ್ಚಿದ್ದು ಆಕೆಯ ಕೈಯೇ. ಒಂದು ಕಾಲು ಕಂಬಿಯ ಮೇಲೇರಿತ್ತು. ಕೆಳಗೆ ಸರ್… ಸರ್…

ಬಾಯಿಮೇಲೆ ಅವ್ವನ ಏಟು ಚುರ್ ಅಂದಿತಂತೆ, ಈಗಷ್ಟೇ ಬಿದ್ದಂತೆ.

“ಹೋಗ್ತೇನಿ,” ಅಂದಳು. “ಬರೂದಿಲ್ಲ ನಾ. ಹೋಗ್ತೇನಿ.”

ಹಗ್ಗಗಳ ಕಿರ್ರ್ ನಿಂತಿತು. ನೀರಿನ ಸಪ್ಪಳವೂ…

“ಥೂ!” ಅಂದ ಆತ.

ಅಷ್ಟೇ. ಕಾಲು ಕೆಳಗಿಳಿಸಿ ನೋಡಿದರೆ ಆಚೆ ಬರೀ ಕತ್ತಲು.

ಬೆಳಿಗ್ಗೆ ಸಾಹೇಬನ ಕೂಗಾಟ. ಹಡಗಿನ ಬಿಳಿ ಮೂತಿಯ ಹೊರಬದಿಗೆ, ಯಾರ ಕೈಗೂ ಎಟುಕದಲ್ಲಿ, ಎಲೆ-ಅಡಿಕೆಯ ಕೆಂಪು ಉಗುಳು! ನಲವತ್ತೂ ಜನರ ನಾಲಗೆ ಚಾಚಿಸಿ ನೋಡಿದ. ಒಂದೂ ಕೆಂಪಿರಲಿಲ್ಲ. ಕೊನೆಗೆ, ಹಳ್ಳಿಯವಳಲ್ಲವೇ ಎಂದು, ನೀಲಾಳಿಗೇ ಬ್ರಷ್ಷು ಕೊಟ್ಟು ಹಗ್ಗ ಕಟ್ಟಿ ಇಳಿಸಿದ.

ನಂಬದವರು ನಂಬಬೇಡಿ. ಆಕೆ ತೂಗಾಡುತ್ತ ತಿಕ್ಕುವ ವಿಡಿಯೋ ಆ ಹುಡುಗರ ಫೋನುಗಳಲ್ಲಿದೆ, ಅವರ ಕಿಸಿಕಿಸಿಯ ಸಮೇತ. ಆದರೆ ವಾಸನೆ ವಿಡಿಯೋದಲ್ಲಿ ಬರುವುದಿಲ್ಲ. ನಮ್ಮ ಕಡೆಯ ಸವಣೂರಿನ ಎಲೆಯ ಖಾರ ವಾಸನೆ ಅದು, ಮೂಗಿಗೆ ಹೊಡೆಯುತ್ತಿತ್ತು. ಹನ್ನೊಂದು ಗಂಟೆಯ ಬಿಸಿಲು, ಆ ಪಾಟಿ ಗಾಳಿ… ಅದಿನ್ನೂ ಒಣಗಿರಲಿಲ್ಲ.