ತಮಟೆ ಕಾಯಿಸೋಕೆ ಬೆಂಕಿ

ಮಂಡ್ಯದಿಂದ ಮದ್ದೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಕಿಟಕಿ ಕಡೆಯವನು ಪ್ರೀತಮ್, ಪಕ್ಕದವನು ಮಾದೇಶ. ಬಹಳ ದಿನದ ಮೇಲೆ ಅಕಸ್ಮಾತ್ತಾಗಿ ಸಿಕ್ಕವರ ಹಾಗೆ ಕಂಡರು. ಮೊದಲು ಮಾತು ತೆಗೆದವನು ಪ್ರೀತಮ್.

"ನಮ್ 'ಕೊಪ್ಪರಿಗೆ' ರಾಕ್ ಬ್ಯಾಂಡು ಇದ್ದುದ್ದೇ ಎಂಟು ತಿಂಗ್ಳು, ಅಲ್ವೇನ್ಲಾ?"

"ಏಳು. ಕೊಟ್ಟಿದ್ದು ನಾಕೇ ಪ್ರೋಗ್ರಾಂ."

"ಗಿಟಾರ್ ಜೊತೆ ನಿನ್ ತಮಟೆ. ಇಲ್ಲಿ ಇನ್ಯಾರ್ ಮಾಡಿದ್ರು ಅಂಗೆ?"

"ಬೆಂಗ್ಳೂರ್ ಪ್ರೋಗ್ರಾಂನಲ್ಲಿ ನೀನೂ ಮಾಡ್ನಿಲ್ಲ."

"ಆ ಆಡಿಟೋರಿಯಂ ಒಳಗೆ ಬೆಂಕಿ ಹಚ್ಚೋಕೆ ಬುಡ್ನಿಲ್ಲ ಕಣ್ಲಾ. ಚರ್ಮ ಕಾಯಿಸ್ದೆ ಇದ್ರೆ ತಮಟೆ ಮಾತಾಡಲ್ಲ ಅಂತ ನೀನೇ ಅಂದೆ."

"ಅದ್ಕೆ ನೀನು ನನ್ ಏಟ್ನೆಲ್ಲ ರೆಕಾರ್ಡ್ ಮಾಡಿ ಎಲೆಕ್ಟ್ರಾನಿಕ್ ಪ್ಯಾಡಿಗೆ ತುಂಬ್ದೆ. ನಾನು ಸ್ಟೇಜ್ ಕೆಳಗೆ ಕುಂತ್ಕಂಡು ನನ್ ತಮಟೇನೇ ಕೇಳ್ದೆ."

"ಓಗ್ಲಿ ಬುಡು. ಅವತ್ತೇ ಬ್ಯಾಂಡೂ ಮುಗೀತಲ್ಲ."

ಆಮೇಲೆ ಪ್ರೀತಮ್ ದನಿ ತಗ್ಗಿಸಿದ.

"ನಮ್ ತಾತ ತೀರ್ಕೊಂಡ್ರು. ನಮ್ಮೂರು ಆತಗೂರಿಗೇ ಓಯ್ತಾವ್ನಿ. ಸಾಯಂಕಾಲ ಮಣ್ಣು. ನಿಮ್ಮೋರು ಇಬ್ರುನ್ನ ಕರ್ಕಂಡು ತಮಟೆ ತಗೊಂಡ್ ಬಂದ್ಬುಡು."

"ಇದು ಸಾವಿನ ವಾದ್ಯ ಅಲ್ಲ ಅಂತ ಪ್ರತಿ ಸಲ ಮೈಕಲ್ಲಿ ಏಳ್ತಿದ್ದೋನು ನೀನೇ ಅಲ್ವಾ?"

"ಸ್ಟೇಜ್ ಮಾತು ಬೇರೆ, ಊರ್ ಮಾತು ಬೇರೆ ಕಣ್ಲಾ. ಕಾಯಿಸ್ಕಳಕೆ ಮನೆ ಮುಂದೆ ಬೆಂಕಿ ಆಕ್ಸಿರ್ತೀನಿ."

ಕಂಡಕ್ಟರ್ ಶಿವಪುರ ಎಂದು ಕೂಗಿದ. ಮಾದೇಶ ಎದ್ದು ಬ್ಯಾಗು ಹೆಗಲಿಗೇರಿಸಿ, ಬಾಗಿಲ ಬಳಿ ಹೋಗಿ ತಿರುಗಿದ.

"ನನ್ ಏಟು ನಿನ್ ಪ್ಯಾಡಲ್ಲಿ ಐತಲ್ಲ. ತಾತನ ಮುಂದೆ ಅದುನ್ನೇ ಒತ್ತು, ಓಗು."