ಕೆಂಪು ತಲೆವಸ್ತ್ರ

ಗ್ರೀಸಿನ ಸ್ಕಿಯಾಥೊಸ್ ದ್ವೀಪದ ರನ್‌ವೇ ಗಿಡ್ಡ. ದೊಡ್ಡ ವಿಮಾನಗಳು ಬಸ್ ನಿಲ್ದಾಣದ ಮೇಲೆ ತಲೆ ಸವರುವಂತೆ ತಗ್ಗಿ ಇಳಿಯುತ್ತವೆ. ಅಲ್ಲಿ ನನ್ನ ಪಕ್ಕ ಒಬ್ಬ ತಾಯಿ ಮತ್ತು ಅವಳ ಮಗಳು ನಿಂತಿದ್ದರು.

“ಅಮ್ಮಾ, ಆ ಕೆಂಪು ವಸ್ತ್ರ ಒಳಗಿಡು. ಇವತ್ತು ಕಪ್ಪು ಹಾಕಿದ್ದೀಯ.”

“ಕಪ್ಪು ಬೀಸಿದ್ರೆ ನಿನ್ನ ತಮ್ಮಂಗೆ ಕಾಣ್ಸಲ್ಲ ಕಣೇ. ಪ್ರತಿಸಲ ಇದನ್ನೇ ಹುಡುಕ್ತಿದ್ದ.”

“ಅಮ್ಮ ವಿಮಾನಾನ ಗೂಳಿ ಅನ್ಕೊಂಡಿದಾಳೆ ಅಂತ ನಗ್ತಿದ್ದ.”

“ನಗ್ಲಿ ಬಿಡು. ಯಾವ ಕಡೆ ಕಿಟಕಿ ಕೊಟ್ಟಿದಾರಂತೆ ಸ್ತಮಾತಿಸ್‌ಗೆ?”

“ಅಮ್ಮಾ, ಶವಪೆಟ್ಟಿಗೇನ ಕೆಳಗೆ ಸಾಮಾನಿನ ಜೊತೆ ಇಡ್ತಾರೆ. ಅಲ್ಲಿ ಕಿಟಕಿ ಇರಲ್ಲ.”

ವಿಮಾನ ಬಂತು. ಪ್ರವಾಸಿಗರು ಟೋಪಿ ಹಿಡಿದುಕೊಂಡು ಕೇಕೆ ಹಾಕಿದರು. ತಾಯಿ ಕೈ ಎತ್ತಲಿಲ್ಲ. ಮಗಳೇ ಆ ವಸ್ತ್ರವನ್ನು ಅವಳ ಕೈಯಿಂದ ಬಿಡಿಸಿಕೊಂಡು, ಚಕ್ರ ನೆಲ ಮುಟ್ಟುವ ತನಕ ಬೀಸಿದಳು. ಆಮೇಲೆ ಇಬ್ಬರೂ ಸರಕಿನ ಗೇಟಿನತ್ತ ನಡೆದರು.