ಗುಣಿಸಿದಾಗ ಉಳಿದ ಸೊನ್ನೆ

ಪಶು ಕಚೇರಿಗೆ ಹೊರಟಿದ್ದ ಬೂರುಲ್ ಅಜ್ಜಿ ನರಿನ್ ಪಟ್ಟಣದ ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ತೂಕಡಿಸುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಪಶು ಇಲಾಖೆಯ ಇಬ್ಬರು ಹೆಂಗಸರ ಮಾತು ಕನಸಿನೊಳಗಿಂದ ಬಂದ ಹಾಗೆ ಕಿವಿಗೆ ಬೀಳುತ್ತಿತ್ತು.

“ಕಾಲಿಪಾ ಅಕ್ಕಾ, ಆ ಊರಿನ ಮೂವತ್ತೊಂದು ಮಂದೆಗೂ ‘ಇಲ್ಲ’ ಅಂತಿದೆ ಈ ಸ್ಪ್ರೆಡ್‌ಶೀಟು. ಒಂದು ಕುರೀನೂ ಬೇಸಿಗೆ ಮೇವಿಗೆ ಬೆಟ್ಟ ಹತ್ತೋ ಹಾಗಿಲ್ಲ!”

“ಫಾರ್ಮುಲಾದಲ್ಲಿ ಏನು ಹಾಕಿದೀಯ ಚಿನಾರಾ?”

“ಲಸಿಕೆ ಆಗಿರ್ಬೇಕು, ಕಿವಿಗೆ ಬಿಲ್ಲೆನೂ ಇರ್ಬೇಕಲ್ಲ? ಎರಡೂ ಇದ್ರೆ ಮಾತ್ರ ‘ಹೌದು’ ಅನ್ಲಿ ಅಂತ ‘ಆ್ಯಂಡ್’ ಹಾಕ್ದೆ.”

“ಅಯ್ಯೋ ಪೆದ್ದೀ! ಇಡೀ ಕಾಲಮ್ಮು ಕೊಟ್ರೆ ಅದು ಸಾಲು ಸಾಲಾಗಿ ನೋಡಲ್ಲ ಕಣೆ. ಊರಿಗೆಲ್ಲ ಸೇರಿ ಒಂದೇ ಉತ್ತರ. ಒಬ್ಬರದು ತಪ್ಪಿದ್ರೂ ಎಲ್ರಿಗೂ ‘ಇಲ್ಲ’.”

“ಮತ್ತೇನ್ ಮಾಡ್ಲಿ?”

“ಗುಣಿಸು. ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಸೊನ್ನೆ. ಲಸಿಕೆ ಕಾಲಮ್ಮನ್ನ ಬಿಲ್ಲೆ ಕಾಲಮ್ಮಿಂದ ಗುಣಿಸಿದ್ರೆ ಅವರವರ ಸಾಲಿಗೆ ಅವರವರ ಉತ್ತರ.”

ಲ್ಯಾಪ್‌ಟಾಪಿನ ಟಕಟಕದ ಜೊತೆ ಚಾವಣಿಯ ಹಿಮವೂ ಕರಗಿ ತೊಟ್ಟಿಕ್ಕುತ್ತಿತ್ತು.

“ಬಂತಕ್ಕಾ! ಸೊನ್ನೆ ಒಂದೇ. ಹೊಳೆಯಾಚೆ ಬೂರುಲ್ ಅಂತ ಯಾರೋ ಅಜ್ಜಿದು. ನೀರು ಏರಿದೆ ಅಂತ ಲಸಿಕೆಯವನು ಹೋಗೇ ಇಲ್ಲ. ಉಳಿದವರು ನಾಳೆ ಹೊರಡ್ಲಿ ಅನ್ಲಾ?”

ಅಜ್ಜಿ ಕಣ್ಣು ತೆರೆಯಲಿಲ್ಲ.

“ಒಬ್ಬರನ್ನ ಬಿಟ್ಟು ಆ ಊರಿನವರು ಬೆಟ್ಟ ಹತ್ತಿದ್ದುಂಟಾ? ನಿನ್ನ ತಪ್ಪು ಫಾರ್ಮುಲಾನೇ ಅವರ ಪದ್ಧತಿ ಹೇಳಿತ್ತು ನೋಡು. ಏಳು, ಲಸಿಕೆ ಡಬ್ಬಿ ತರೋಣ. ಕುದುರೆ ಮೇಲೆ ಹೊಳೆ ದಾಟಿದ್ರಾಯ್ತು.”

ಅವರ ಹೆಜ್ಜೆ ಸದ್ದು ದೂರವಾಯಿತು. ಅಜ್ಜಿ ಕಣ್ಣು ಬಿಟ್ಟು, ಲಸಿಕೆಗಾಗಿ ಬೇಡಿಕೊಳ್ಳುವಾಗ ಕಚೇರಿಯ ಸಾಹೇಬರಿಗೆ ಕೊಡಲೆಂದು ಕಟ್ಟಿ ತಂದಿದ್ದ, ಉಪ್ಪು ಹಾಕಿ ಒಣಗಿಸಿದ ಮೊಸರುಂಡೆಯ ಗಂಟು ಬಿಚ್ಚಿ, ಒಂದನ್ನು ತನ್ನ ಬಾಯಿಗೇ ಹಾಕಿಕೊಂಡಳು.